ಸ್ಕೇಲಕ್ಕನ ಎರಡನೇ ಕಾಲಂ

ನನ್ನ ಭಾವಮೈದುನನನ್ನು ಇನ್ನು ಮುಂದೆ ಯಾರೂ ನನ್ನೆದುರು ಒಳ್ಳೆಯವನು ಅನ್ನಬೇಡಿ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಒಲೆಯ ಮುಂದೆ ನಿಂತವನು ತಣ್ಣಗಿರುವುದಾದರೂ ಹೇಗೆ? ಆದರೆ ನಾನು ಬರೆಯಲು ಕೂತದ್ದು ಅವನ ವಿಷಯವಲ್ಲ, ಅವನ ಅಕ್ಕನ ವಿಷಯ. ಅಂದರೆ ನನ್ನ ಹೆಂಡತಿಯದು. ಅವಳ ಬಗ್ಗೆ ಎರಡು ಮಾತು ಬರೆಯೋಣವೆಂದರೆ ಈ ಮಹಾನುಭಾವ ಕರೆಯದೆಯೇ ಬಂದು ನಡುವೆ ಕೂರುತ್ತಾನೆ, ಏನು ಮಾಡುವುದು.

ಆಸ್ಪತ್ರೆಯಲ್ಲಿ ಅವಳಿಗೆ ಸ್ಕೇಲಕ್ಕ ಎಂದೇ ಹೆಸರು. ಕೆಳಗಿನ ಅಂತಸ್ತಿನಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ರೆಕಾರ್ಡ್ ರೂಮು. ಒಂದು ಕಿಟಕಿ, ಸೂರು ಮುಟ್ಟುವ ಕಬ್ಬಿಣದ ರ‍್ಯಾಕುಗಳು, ಒಂದು ಹಳೆಯ ಕಂಪ್ಯೂಟರು. ಅದರ ಕಪ್ಪು ತೆರೆಯ ಮೇಲೆ ಒಂದು ಕಮಾಂಡ್ ಹೊಡೆದರೆ ಒಳರೋಗಿಗಳ ಪಟ್ಟಿ ಉದುರುತ್ತದೆ. ಹಾಸಿಗೆ ನಂಬರು, ಹೆಸರು, ವಯಸ್ಸು, ತಿನ್ನಬಾರದ್ದು, ಊಟದ ಬಗೆ, ಆಮೇಲೆ ವಿಳಾಸ, ಫೋನು, ಇನ್ನೂ ಏನೇನೋ. ಎಲ್ಲವೂ ಬಿಳಿ ಅಕ್ಷರ. ನಡುವೆ ಗೆರೆಯಿಲ್ಲ, ಚೌಕವಿಲ್ಲ, ಬರೀ ಖಾಲಿ ಜಾಗ. ಬೆಳಿಗ್ಗೆ ಏಳು ಗಂಟೆಗೆ ಅದನ್ನು ಪ್ರಿಂಟು ತೆಗೆದು ನನ್ನ ಅಡುಗೆಮನೆಗೆ ಕಳಿಸಬೇಕು. ಇನ್ನೂರ ಹತ್ತು ಹಾಸಿಗೆಗಳಿಗೆ ಯಾರಿಗೆ ಏನು ಕೊಡಬೇಕು, ಏನು ಕೊಡಬಾರದು ಎಂಬುದು ನಮಗೆ ಗೊತ್ತಾಗುವುದು ಆ ಹಾಳೆಯಿಂದಲೇ.

ಅವಳು ಬರುವ ಮೊದಲು ಆ ಹಾಳೆ ಓದುವುದೆಂದರೆ ತಲೆನೋವು. ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರುತ್ತಿತ್ತು. ಎಂಬತ್ತು ವರ್ಷದ ಅಜ್ಜನೊಬ್ಬರಿಗೆ ಮೂರು ದಿನ ಮಕ್ಕಳ ಹಾಲಿನ ಗಂಜಿ ಕಳಿಸಿದ್ದೆ. ಪುಣ್ಯಾತ್ಮ, ಚೆನ್ನಾಗಿದೆ ಎಂದು ಹೇಳಿ ಕಳಿಸಿದ್ದರು. ಇವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಅಡಿ ಉದ್ದದ ಸ್ಕೇಲು, ಒಂದು ಪೆನ್ಸಿಲ್ ತಂದಳು. ಪ್ರತಿದಿನ ಆರೂವರೆಗೇ ಬಂದು, ಹಾಳೆಯ ಮೇಲೆ ಮೇಲಿನಿಂದ ಕೆಳಗೆ ಗೆರೆ ಎಳೆದು, ಕಾಲಂ ಬೇರೆ ಬೇರೆ ಮಾಡಿ ಕಳಿಸತೊಡಗಿದಳು. ಯಾರೂ ಹೇಳಿರಲಿಲ್ಲ, ಯಾರೂ ಭೇಷ್ ಅನ್ನಲೂ ಇಲ್ಲ.

ನಮ್ಮ ಮದುವೆಗೆ ಕಾರಣವೂ ಆ ಗೆರೆಗಳೇ. ಒಂದು ದಿನ ಹಾಳೆ ಹಿಡಿದುಕೊಂಡು ಸೀದಾ ಅಡುಗೆಮನೆಯೊಳಗೆ ನುಗ್ಗಿದಳು.

"ಯಾರ್ರೀ ಇಲ್ಲಿ ಅಡುಗೆಯವರು? ನಿನ್ನೆ ಹಾಳೆ ಮೇಲೆ ಎಣ್ಣೆ ಚೆಲ್ಲಿದೀರ. ಹನ್ನೆರಡನೇ ಹಾಸಿಗೆ ಅಳಿಸಿ ಹೋಗಿದೆ. ಆ ಮನುಷ್ಯ ಉಪವಾಸ ಇರ್ಬೇಕಾ?"

ನನಗೆ ಬೈಯುವವರು ಬೇಕಾದಷ್ಟು ಜನರಿದ್ದರು. ಆದರೆ ಯಾರೋ ಹನ್ನೆರಡನೇ ಹಾಸಿಗೆಯವನಿಗಾಗಿ ಬೈದವರು ಅವಳೊಬ್ಬಳೇ. ನಾನು ಅಂದೇ ಬಿದ್ದೆ. ಮದುವೆಯಾದಾಗ ಹೆಂಡತಿಯ ಜೊತೆಗೆ ಹನ್ನೊಂದು ವರ್ಷದ ಭಾವಮೈದುನನೂ ಮನೆಗೆ ಬಂದ. ಅವನಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡರು, ತಂದೆ ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮುಖ ತೋರಿಸುವವರು. ಹದಿನಾರರ ಅಕ್ಕನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ನನಗೇನೂ ಬೇಸರವಿರಲಿಲ್ಲ. ತಟ್ಟೆಗೆ ಹಾಕಿದ್ದನ್ನು ಚೊಕ್ಕವಾಗಿ ತಿನ್ನುತ್ತಿದ್ದ. ಅಡುಗೆಯವನಿಗೆ ಇನ್ನೇನು ಬೇಕು?

ಈಗ್ಗೆ ಹನ್ನೊಂದು ವರ್ಷದ ಹಿಂದಿನ ಮಾತು, ನಮ್ಮ ಮದುವೆಯಾಗಿ ಏಳು ವರ್ಷವಾಗಿತ್ತು. ದಿನಾ ಗೆರೆ ಎಳೆದು ಎಳೆದು ಅವಳ ಹೆಬ್ಬೆರಳು ಊದಿಕೊಳ್ಳುತ್ತಿತ್ತು. ಗೆರೆಯನ್ನು ಕಂಪ್ಯೂಟರೇ ಎಳೆಯಬಾರದೇಕೆ ಎಂದು ಅವಳಿಗೆ ಹೊಳೆಯಿತು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಹಳೆಯ ಪ್ರಿಂಟೊಂದನ್ನು ಹರಡಿದಳು. ಪ್ರತಿ ಅಕ್ಷರದ ನೆತ್ತಿಯ ಮೇಲೆ ಒಂದು, ಎರಡು, ಮೂರು ಎಂದು ನಂಬರು ಬರೆಯುತ್ತ ಹೋದಳು. ಆಗ ತಾನೇ ಕಂಪ್ಯೂಟರ್ ಓದಲು ಸೇರಿದ್ದ ತಮ್ಮ ಎದುರಿಗೆ ಕೂತು ಎಣಿಸುತ್ತಿದ್ದ. ಪಟ್ಟಿಯಲ್ಲಿ ಎಷ್ಟೇ ಸಾಲಿರಲಿ, ಹಾಸಿಗೆಯ ನಂಬರು ಯಾವಾಗಲೂ ಒಂದರಿಂದ ಆರನೇ ಜಾಗದೊಳಗೆ. ಹೆಸರು ಏಳರಿಂದ ಮೂವತ್ತು. ವಯಸ್ಸು ಮೂವತ್ತೊಂದರಿಂದ ಮೂವತ್ತನಾಲ್ಕು. ತಿನ್ನಬಾರದ್ದು ಅಲ್ಲಿಂದ ನಲವತ್ತಾರರವರೆಗೆ, ಏನೂ ಇಲ್ಲದವರಿಗೆ "ಇಲ್ಲ" ಎಂದಿರುತ್ತದೆ. ಊಟದ ಬಗೆ ಐವತ್ತೆಂಟಕ್ಕೆ ಮುಗಿಯುತ್ತದೆ. ಸೌಟು ಹಿಡಿಯುವ ನನಗೂ ಬಾಯಿಪಾಠವಾಗುವಷ್ಟು ಸಲ ಆ ನಂಬರುಗಳು ನಮ್ಮ ಮನೆಯಲ್ಲಿ ಓಡಾಡಿದವು.

"ಖಾಲಿ ಜಾಗ ಕಂಡಲ್ಲೆಲ್ಲಾ ಕತ್ತರಿಸಿದ್ರೆ ಸುಲಭ ಅಲ್ವಾ ಅಕ್ಕ?" ಎಂದು ತಮ್ಮ ಕೇಳಿದ.

"ಹಾಗೆ ಮಾತ್ರ ಮಾಡ್ಬೇಡ ಕಣೋ. ಹೆಸರಿನ ಒಳಗೂ ಖಾಲಿ ಜಾಗ ಇರುತ್ತೆ. ಒಬ್ಬರ ಹೆಸರಲ್ಲಿ ಎರಡು ಪದ, ಇನ್ನೊಬ್ಬರದ್ರಲ್ಲಿ ಮೂರು. ಖಾಲಿ ನೋಡಿ ಕತ್ತರಿಸಿದ್ರೆ ಒಬ್ಬರ ವಯಸ್ಸು ಇನ್ನೆಲ್ಲೋ ಹೋಗಿ ಕೂರುತ್ತೆ. ಜಾಗ ಎಣಿಸು, ಜಾಗ ನೋಡಿ ಕತ್ತರಿಸು. ಬೇಕಾದ ಕಾಲಂ ಇಟ್ಕೋ. ಅಡುಗೆಮನೆಗೆ ವಿಳಾಸ ಯಾಕೆ, ಫೋನ್ ಯಾಕೆ? ಬೇಡದ್ದನ್ನ ತೆಗೆದುಬಿಡು."

ಅವನು ತಲೆಯಾಡಿಸಿದ. ಮುಂದಿನ ವಾರ ಇವಳು ಒಂದು ಸಣ್ಣ ಫೈಲು ಬರೆದಳು. ಐದು ಕಾಲಂಗೆ ಐದು ಸಾಲು. ಅದನ್ನು ಓಡಿಸಿದರೆ ಪಟ್ಟಿ ನೀಟಾಗಿ ಐದು ಕಾಲಂ ಆಗಿ, ನಡುವೆ ಗೆರೆ ಸಮೇತ ಹೊರಬೀಳುತ್ತಿತ್ತು. ಹನ್ನೊಂದು ವರ್ಷ ಒಂದು ದಿನವೂ ಅದು ಕೈಕೊಡಲಿಲ್ಲ. ಆದರೂ ಇವಳು ಬೆಳಿಗ್ಗೆ ಬಂದು ತೆರೆಯ ಮೇಲೆ ಪೆನ್ಸಿಲ್ ತುದಿ ಇಟ್ಟು ತಲೆಬರಹದ ಸಾಲನ್ನು ಎಣಿಸದೆ ಪ್ರಿಂಟು ಕೊಡುತ್ತಿರಲಿಲ್ಲ. ನಾನು ರೇಗಿಸುತ್ತಿದ್ದೆ, "ಏನೇ, ರಾತ್ರಿ ಬಂದು ಯಾರಾದ್ರೂ ಅಕ್ಷರ ಕದ್ಕೊಂಡು ಹೋಗ್ತಾರಾ?" ಎಂದು.

ಎರಡು ವರ್ಷದ ಹಿಂದೆ ಭಾವಮೈದುನನಿಗೆ ಅದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಇವಳು ಒಂದು ವಾರ ನೆಲ ಬಿಟ್ಟು ಮೇಲೆಯೇ ನಡೆದಳು. ಕಾರಿಡಾರಿನಲ್ಲಿ ಯಾರೇ ಸಿಕ್ಕಲಿ, "ಮೇಲಿನ ಮಹಡೀಲಿ ಹೊಸದಾಗಿ ಬಂದಿದಾನಲ್ಲ, ನಮ್ಮ ತಮ್ಮ" ಎನ್ನುವುದು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ವರ್ಷ ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು. ಹೋದ ವರ್ಷ ಇವಳಿಗೆ ಪಿತ್ತಕೋಶದ ಆಪರೇಷನ್ ಆಗಿ ಹತ್ತು ದಿನ ಮಲಗಿದ್ದಾಗ, ಪಟ್ಟಿ ನಿಲ್ಲಬಾರದೆಂದು ತನ್ನ ಪಾಸ್‌ವರ್ಡನ್ನು ಅವನಿಗೆ ಕೊಟ್ಟಳು. ಗುಣವಾಗಿ ಬಂದ ಮೇಲೆ ಬದಲಾಯಿಸು ಎಂದು ನಾನು ಹೇಳಿದ್ದಕ್ಕೆ ನಕ್ಕಳು. "ತಮ್ಮನ ಹತ್ರ ಮುಚ್ಚಿಡೋದು ಏನಿದೆ ರೀ?" ಎಂದಳು. ನಾನೂ ಮತ್ತೆ ಒತ್ತಾಯಿಸಲಿಲ್ಲ. ಇವತ್ತು ಅದನ್ನು ನೆನೆದರೆ ನನ್ನನ್ನೇ ಬೈದುಕೊಳ್ಳುತ್ತೇನೆ.

ಈಗ ಆ ಬುಧವಾರಕ್ಕೆ ಬರುತ್ತೇನೆ. ಅಂದು ಇವಳಿಗೆ ವಿಪರೀತ ನೆಗಡಿ. ಆದರೂ ಬಂದಿದ್ದಳು. ತಲೆಬರಹ ಎಣಿಸಿದಳು, ಸರಿಯಿತ್ತು. ತಲೆಬರಹ ತಪ್ಪಿರಲೇ ಇಲ್ಲವಲ್ಲ. ಹಾಳೆ ನನಗೆ ಬಂತು. ಮೂವತ್ತೊಂದನೇ ಹಾಸಿಗೆಯಲ್ಲಿ ಒಬ್ಬ ಬಡಗಿ ಇದ್ದರು, ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡವರು, ಹಿಂದಿನ ದಿನವಷ್ಟೇ ಆಪರೇಷನ್ ಆಗಿತ್ತು. ಅವರ ಸಾಲಿನಲ್ಲಿ ಊಟದ ಬಗೆಯ ಕೆಳಗೆ "ಮೊಟ್ಟೆ" ಎಂದಿತ್ತು. ತಿನ್ನಬಾರದ್ದು ಎಂಬುದರ ಕೆಳಗೆ "61" ಎಂದಿತ್ತು. ನಾನು ನೋಡಿದೆ. ಸುಳ್ಳೇಕೆ ಹೇಳಲಿ, ನನ್ನ ಕಣ್ಣಿಗೆ ಬಿತ್ತು. ಕಂಪ್ಯೂಟರಿನವರ ಏನೋ ಹೊಸ ನಂಬರು ಇರಬೇಕು ಎಂದುಕೊಂಡೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ನಮ್ಮಲ್ಲಿ ಮೊಟ್ಟೆಯ ಊಟ ಎಂದರೆ, ಶಕ್ತಿ ಬರಲೆಂದು ಮೊಟ್ಟೆಯನ್ನು ಚೆನ್ನಾಗಿ ಕಲಕಿ ಸೂಪಿಗೆ ಬೆರೆಸಿ ಕೊಡುವುದು. ಕಣ್ಣಿಗೂ ಕಾಣದು, ಬಾಯಿಗೂ ತಿಳಿಯದು. ಅದೇ ನನ್ನ ಕೈಚಳಕ ಎಂದು ನಾನು ಬೀಗುತ್ತಿದ್ದವನು. ಬಡಗಿ ನಾಲ್ಕು ಚಮಚ ಕುಡಿದರಂತೆ. ಮುಖ ಊದಿಕೊಂಡಿತು, ಉಸಿರು ಕಟ್ಟಿತು. ನರ್ಸುಗಳು ಓಡುವ ಸದ್ದು ಕೇಳಿ ನಾನು ಏಪ್ರನ್ನಿನಲ್ಲೇ ಮೇಲೆ ಓಡಿದೆ. ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಕ್ಸಿಜನ್ ಹಾಕಿದರು. ಮನುಷ್ಯ ಉಳಿದರು. ಅವರಿಗೆ ಮೊಟ್ಟೆ ಎಂದರೆ ವಿಷ, ಚಿಕ್ಕಂದಿನಿಂದಲೂ. ಸೇರುವಾಗಲೇ ಬರೆಸಿದ್ದರು.

ಅರ್ಧ ಗಂಟೆಯಲ್ಲಿ ದೊಡ್ಡ ಡಾಕ್ಟರಮ್ಮ ಅಡುಗೆಮನೆಗೇ ಬಂದರು. ಆಸ್ಪತ್ರೆಗೆಲ್ಲ ಅವರೇ ಮುಖ್ಯಸ್ಥರು. ನಾನು ಮೊಳೆಗೆ ಸಿಕ್ಕಿಸಿದ್ದ ಹಾಳೆ ಕಿತ್ತು ಕೊಟ್ಟೆ. ಹಾಳೆಯಲ್ಲಿ ಇದ್ದದ್ದನ್ನೇ ಮಾಡಿದ್ದೇನೆ ಎಂದೆ. ಅವರು ನೋಡಿದರು, ನನ್ನನ್ನು ಬಿಟ್ಟರು. ನಾನು ಬಚಾವಾದೆ, ಆದರೆ ಅದೇ ಹಾಳೆ ನನ್ನವಳ ಕುತ್ತಿಗೆಗೆ ಬಂತು. ಹಾಳೆ ಅವಳದು, ಫೈಲು ಅವಳದು.

ಇವಳು ಹೋಗಿ ತನ್ನ ಫೈಲು ತೆರೆದು ನೋಡಿದಳು. ಅವಳ ಐದು ಸಾಲು ಇರಲೇ ಇಲ್ಲ. ಆ ಜಾಗದಲ್ಲಿ ಒಂದೇ ಒಂದು ಪುಟ್ಟ ಸಾಲು. ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸು ಎಂಬ ಸಾಲು. ಹೆಸರಿಗೆ ಎರಡು ಪದ ಎಂದು ಲೆಕ್ಕ ಹಿಡಿದಿತ್ತು ಅದು. ನಮ್ಮ ನೋಂದಣಿ ಕೌಂಟರಿನಲ್ಲಿ ಬಹುತೇಕ ಎಲ್ಲರದೂ ಎರಡೇ ಪದ. ಬಡಗಿಯ ಹೆಸರಿಗೆ ಮೂರು ಪದವಿತ್ತು. ಹಾಗಾಗಿ ಅವರ ವಯಸ್ಸು ಅರವತ್ತೊಂದು ಪಕ್ಕಕ್ಕೆ ಸರಿದು ತಿನ್ನಬಾರದ್ದರ ಕೆಳಗೆ ಕೂತಿತು. ತಿನ್ನಬಾರದ ಮೊಟ್ಟೆ ಸರಿದು ಊಟದ ಕೆಳಗೆ ಕೂತಿತು. ಅಷ್ಟೇ ಆದದ್ದು. ಆ ಫೈಲನ್ನು ಕೊನೆಗೆ ತಿದ್ದಿದ್ದು ಯಾವಾಗ ಎಂದು ನೋಡಿದಳು. ಮಂಗಳವಾರ ಸಂಜೆ ನಾಲ್ಕು ಇಪ್ಪತ್ತು. ತಿದ್ದಿದವರ ಹೆಸರು ಅವಳದೇ.

"ನಾನು ಮುಟ್ಟಿಲ್ಲ ರೀ," ಎಂದಳು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ. "ಮಂಗಳವಾರ ಐದು ಗಂಟೆವರೆಗೂ ನಾನು ರೂಮಲ್ಲೇ ಇದ್ದೆ. ಆದ್ರೆ ಆ ಫೈಲ್ ಮುಟ್ಟಿಲ್ಲ."

ನನ್ನ ಬಾಯಿಗೆ ಬಂದ ಹೆಸರು ಒಂದೇ. "ಪಾಸ್‌ವರ್ಡ್ ಇರೋದು ಇನ್ಯಾರ ಹತ್ರ?" ಎಂದೆ.

ಅವಳು ನನ್ನನ್ನು ನೋಡಿದ ಪರಿ! ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹಾಗೆ ನೋಡಿರಲಿಲ್ಲ. "ನನ್ನ ತಮ್ಮನ ತಲೆ ಮೇಲೆ ಗೂಬೆ ಕೂರಿಸ್ಬೇಡಿ," ಎಂದಳು. ಆದರೂ ಅಂದು ಸಂಜೆ, ಬೇರೆ ಕೋಣೆ ಮಾಡಿಕೊಂಡಿದ್ದರೂ ಎಂದಿನಂತೆ ಅವನು ಊಟಕ್ಕೆ ಬಂದಾಗ ಅವಳೇ ಕೇಳಿದಳು. ಅನುಮಾನದಿಂದಲ್ಲ, ನನ್ನ ಬಾಯಿ ಮುಚ್ಚಿಸಲು.

"ನೀನೇನಾದ್ರೂ ನನ್ನ ಫೈಲ್ ಮುಟ್ಟಿದ್ಯೇನೋ?"

"ಇಲ್ಲ ಅಕ್ಕ. ನಿನ್ನಾಣೆಗೂ ಇಲ್ಲ." ತುತ್ತು ಬಾಯಿಗೆ ಹೋಗುತ್ತಲೇ ಇತ್ತು.

"ಕೇಳಿದ್ರಾ?" ಎಂಬಂತೆ ಇವಳು ನನ್ನ ಕಡೆ ನೋಡಿದಳು. ಕೇಳಿದೆ. ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದವನೂ ನಾನೇ. ಥೂ ನನ್ನ ಕೈಗಿಷ್ಟು!

ಮರುದಿನ ಆಸ್ಪತ್ರೆಯಲ್ಲಿ ಅವಳು ನಡೆದು ಬಂದರೆ ಮಾತು ನಿಲ್ಲುತ್ತಿತ್ತು. ಅಕ್ಕ ಅಕ್ಕ ಎನ್ನುತ್ತಿದ್ದ ನರ್ಸುಗಳು ಟ್ರೇ ನೋಡುತ್ತ ಹೋದರು. ಬಡಗಿಯ ಹೆಂಡತಿ ಮೆಟ್ಟಿಲ ಬಳಿ ಇವಳನ್ನು ತೋರಿಸಿ ಯಾರಿಗೋ "ಇವಳೇ" ಎಂದರಂತೆ. ಶುಕ್ರವಾರ ವಿಚಾರಣೆ ಇಟ್ಟರು. ತಪ್ಪು ಇವಳದೇ ಎಂದಾದರೆ ಕೆಲಸದಿಂದ ತೆಗೆಯುತ್ತಾರೆ. ರೋಗಿಯ ಜೀವಕ್ಕೆ ಅಪಾಯ ತಂದವರು ಎಂದು ಪತ್ರದಲ್ಲೂ ಬರೆಯುತ್ತಾರೆ. ಅಂಥ ಪತ್ರ ಹಿಡಿದುಕೊಂಡು ಹೋದರೆ ಯಾವ ಆಸ್ಪತ್ರೆ ಒಳಗೆ ಬಿಡುತ್ತದೆ? ಇವಳಿಗೆ ಕೆಲಸ ಹೋಗುವುದಕ್ಕಿಂತ ಆ ಸಾಲೇ ಸಂಕಟವಾಗಿತ್ತು. ಹನ್ನೆರಡನೇ ಹಾಸಿಗೆಯವನು ಹಸಿದಿರಬಾರದೆಂದು ಜಗಳವಾಡಿದವಳು ಅವಳು. ನಾನು ಅವಳಿಗೆ ಸಮಾಧಾನ ಹೇಳಲು ಹೋಗಿ ಬೈಸಿಕೊಂಡೆ.

ಒಂದು ವಿಷಯದಲ್ಲಿ ಮಾತ್ರ ಅವಳಿಗೆ ಧೈರ್ಯವಿತ್ತು. ಯಾರು ಯಾವಾಗ ಒಳಗೆ ಬಂದರು ಎಂಬುದನ್ನು ಯಂತ್ರ ತಾನೇ ಬರೆದಿಟ್ಟುಕೊಂಡಿರುತ್ತದಂತೆ. ಅದನ್ನು ತೆಗೆದು ತನ್ನಿ ಎಂದು ಡಾಕ್ಟರಮ್ಮ ಕಂಪ್ಯೂಟರ್ ವಿಭಾಗಕ್ಕೆ ಬರೆದರು. ವಿಭಾಗದ ಮುಖ್ಯಸ್ಥರು ರಜೆಯಲ್ಲಿದ್ದರು. ಕೆಲಸ ಭಾವಮೈದುನನ ಪಾಲಿಗೆ ಬಂತು. ಇವಳ ಮುಖದಲ್ಲಿ ಮತ್ತೆ ಕಳೆ ಬಂತು. "ತಮ್ಮನೇ ತೆಗೀತಾನಂತೆ. ಇನ್ನು ನಂಗೇನು ಭಯ?" ಎಂದು ಹೇಳಿ, ಬುಧವಾರದಿಂದ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು.

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ. ಡಾಕ್ಟರಮ್ಮನ ಕೋಣೆ. ಒಂದು ಕಡೆ ಹೆಡ್ ನರ್ಸು, ಇನ್ನೊಂದು ಕಡೆ ಭಾವಮೈದುನ, ಮಡಿಕೆ ಮುರಿಯದ ಅಂಗಿ, ಕೈಯಲ್ಲಿ ಹಾಳೆ. ಬುಧವಾರದ ಹಾಳೆ ತೋರಿಸಿ ಬಚಾವಾದ ಸಾಕ್ಷಿಯಾಗಿ ನಾನು ಬಾಗಿಲ ಬಳಿ. ಮೇಜಿನ ಮೇಲೆ ಟೈಪಾದ ಪತ್ರ ಸಹಿಯೊಂದಕ್ಕೆ ಕಾದಿತ್ತು. ಇವಳು ಅದನ್ನು ನೋಡಿದಳು, ನೋಡದವಳಂತೆ ಕೂತಳು.

ಭಾವಮೈದುನ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟ. ಅಚ್ಚುಕಟ್ಟಾದ ಪಟ್ಟಿ. ಹೆಸರು, ದಿನಾಂಕ, ಸಮಯ. ಮೂರು ಕಾಲಂ, ನಡುವೆ ಚೆಂದದ ಗೆರೆ. ಮಂಗಳವಾರ ನಾಲ್ಕು ಇಪ್ಪತ್ತರ ಸಾಲಿನಲ್ಲಿ ಇವಳ ಹೆಸರು. ಅದಕ್ಕೆ ಹಳದಿ ಬಣ್ಣ ಬೇರೆ ಬಳಿದಿದ್ದ.

"ನಿಮ್ಮ ಹೆಸರೇ ಇದೆಯಲ್ಲಮ್ಮ," ಎಂದರು ಡಾಕ್ಟರಮ್ಮ. ದನಿಯಲ್ಲಿ ಗಡಸೇನೂ ಇರಲಿಲ್ಲ.

ಇವಳು ಹಾಳೆಯನ್ನು ಹತ್ತಿರ ತಂದುಕೊಂಡಳು. ಬೆರಳನ್ನು ಹೆಸರಿನ ಮೇಲಿಟ್ಟಳು, ಅಲ್ಲಿಂದ ದಿನಾಂಕಕ್ಕೆ ಸರಿಸಿದಳು, ಮತ್ತೆ ಹಿಂದಕ್ಕೆ ಬಂದಳು. ಅವಳ ಕಿವಿ ಕೆಂಪಾಗುವುದು ನನಗೆ ಬಾಗಿಲಿನಿಂದಲೇ ಕಂಡಿತು. ತಲೆಯೆತ್ತಿ ತಮ್ಮನನ್ನು ನೋಡಿದಳು.

"ಎರಡನೇ ಕಾಲಂ ಎಲ್ಲೋ?"

"ಯಾವ್ದು ಅಕ್ಕ?"

"ಹೆಸರಾದ ಮೇಲೆ, ದಿನಾಂಕಕ್ಕೆ ಮುಂಚೆ. ಯಾವ ಕಂಪ್ಯೂಟರಿಂದ ಒಳಗೆ ಬಂದ್ರು ಅನ್ನೋದು. ಈ ಪಟ್ಟೀಲಿ ಅದು ಇದ್ದೇ ಇರುತ್ತೆ."

"ಅದು... ಓದೋಕೆ ಸುಲಭ ಆಗ್ಲಿ ಅಂತ ತೆಗೆದೆ." ಅವನು ಕೈಯಲ್ಲಿದ್ದ ಹಾಳೆಯ ಅಂಚು ಮಡಚಿದ. "ಬೇಡದ ಕಾಲಂ ತೆಗೆದುಬಿಡು ಅಂತ ನೀನೇ ತಾನೇ ಹೇಳ್ಕೊಟ್ಟಿದ್ದು?"

ದೇವರಾಣೆ ಹೇಳುತ್ತೇನೆ, ನಾನು ಒಂದು ಹೆಜ್ಜೆ ಮುಂದಿಟ್ಟಿದ್ದೆ. ಹೆಡ್ ನರ್ಸು ನನ್ನ ತೋಳು ಹಿಡಿದುಕೊಂಡರು. ಇವಳು ಮಾತ್ರ ಅಲುಗಲಿಲ್ಲ. ಡಾಕ್ಟರಮ್ಮನ ಕಡೆ ತಿರುಗಿ, "ಮೇಡಂ, ನೀವೇ ಟೈಪ್ ಮಾಡಿ. ನಾನು ಹೇಳ್ತೀನಿ. ನಾನೂ ಮುಟ್ಟಲ್ಲ, ಅವನೂ ಮುಟ್ಟೋದು ಬೇಡ," ಎಂದಳು.

ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ತಮ್ಮ ಕಂಪ್ಯೂಟರಿನ ಮುಂದೆ ಕೂತರು. ಇವಳು ಒಂದೊಂದೇ ಅಕ್ಷರ ಹೇಳಿದಳು, ಅವರು ಒಂದೇ ಬೆರಳಲ್ಲಿ ಒತ್ತಿದರು. ಎರಡು ಸಲ ತಪ್ಪಾಯಿತು. ಮೂರನೆಯ ಸಲ ಪಟ್ಟಿ ಉದುರಿತು. ಗೆರೆಯಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ ಮತ್ತು ಖಾಲಿ ಜಾಗ. ಇವಳ ಹೆಸರಿನ ಮುಂದೆ ಪ್ರತಿ ಸಾಲಿನಲ್ಲೂ ರೆಕಾರ್ಡ್ ರೂಮು, ರೆಕಾರ್ಡ್ ರೂಮು ಎಂದೇ ಇತ್ತು. ಮಂಗಳವಾರ ನಾಲ್ಕು ಇಪ್ಪತ್ತರ ಸಾಲಿನಲ್ಲಿ ಮಾತ್ರ ಕಂಪ್ಯೂಟರ್ ವಿಭಾಗ, ಮೂರು. ಮೂರನೇ ಮೇಜು ಯಾರದೆಂದು ಡಾಕ್ಟರಮ್ಮ ಕೇಳಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ನಾನು ಒಳ್ಳೇದಕ್ಕೇ ಮಾಡಿದ್ದು ಮೇಡಂ," ಎಂದ. "ಐದು ಸಾಲಿನ ಕೆಲ್ಸಾನ ಒಂದೇ ಸಾಲಲ್ಲಿ ಮಾಡಬಹುದು ಅಂತ ತೋರಿಸೋಣ ಅಂತ. ಈ ತಿಂಗಳು ಕಾಯಂ ಆಗೋದಿತ್ತಲ್ಲ... ನಲವತ್ತು ಹೆಸರಿನ ಮೇಲೆ ಪರೀಕ್ಷೆ ಮಾಡ್ದೆ. ಎಲ್ಲಾ ಸರಿ ಬಂತು."

"ಆ ತಪ್ಪು ಬೇರೆ," ಎಂದರು ಡಾಕ್ಟರಮ್ಮ, ಅವನು ಕೊಟ್ಟ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ. "ಇದು ಬೇರೆ. ಪೂರ್ತಿ ಪಟ್ಟಿ ತೆಗೆದಿಟ್ಟಿದ್ದೀರಾ, ಇಲ್ವಾ?"

"ಇಟ್ಟಿಲ್ಲ ಮೇಡಂ. ನೇರವಾಗಿ ಮೂರೇ ಕಾಲಂ ತೆಗೆದೆ. ಆ ಕಾಲಮ್ಮನ್ನ ನಾನು ನೋಡೇ ಇಲ್ಲ."

ಇವಳು ಇನ್ನೊಂದು ಕಮಾಂಡ್ ಹೇಳಿದಳು. ಅವನ ಹೆಸರಿನಲ್ಲಿ ಏನೇನು ಫೈಲು ಇದೆ ಎಂದು ತೋರಿಸುವುದು. ಇವತ್ತಿನ ದಿನಾಂಕದಲ್ಲಿ ಎರಡಿದ್ದವು. ಒಂದು ಪೂರ್ತಿ ಪಟ್ಟಿ, ಹತ್ತು ಹನ್ನೆರಡಕ್ಕೆ ಬರೆದದ್ದು. ಇನ್ನೊಂದು ಮೂರು ಕಾಲಮ್ಮಿನದು, ಹತ್ತು ಹದಿನಾರಕ್ಕೆ. ಅವಳು ಆ ಎರಡು ಸಾಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಸಾಕು ಮೇಡಂ," ಎಂದಳು.

ಡಾಕ್ಟರಮ್ಮ ಮೇಜಿನ ಮೇಲಿದ್ದ ಪತ್ರವನ್ನು ಹರಿದರು. ಅವನ ಕಾಯಂ ಪತ್ರ ಬರಲಿಲ್ಲ. ಅಂದೇ ಮನೆಗೆ ಕಳಿಸಿದರು. ಹೊರಗೆ ಕಾರಿಡಾರಿನಲ್ಲಿ ಅವನು ಓಡಿಬಂದು ಇವಳ ಮೊಣಕೈ ಹಿಡಿದ. "ಅಕ್ಕ, ಒಂದ್ನಿಮಿಷ, ಒಂದೇ ಮಾತು..." ನಾನು ನಡುವೆ ನಿಂತೆ. "ಭಾವ, ನೀವಾದ್ರೂ ಹೇಳಿ," ಎಂದ. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಇವಳು ತಿರುಗಿ ನೋಡದೆ ಹೋದಳು. ಎಲ್ಲಿಗೆ ಎಂದು ನೋಡಿದರೆ ಮೂವತ್ತೊಂದನೇ ಹಾಸಿಗೆಯ ಬಳಿಗೆ. ಬಡಗಿಗೆ ನಡೆದದ್ದನ್ನೆಲ್ಲ ಹೇಳಿ, ಪಾಸ್‌ವರ್ಡ್ ಕೊಟ್ಟ ತಪ್ಪು ನನ್ನದು ಎಂದು ಕೈಮುಗಿದಳು. ಆ ಪುಣ್ಯಾತ್ಮ, "ಹೋಗ್ಲಿ ಬಿಡಮ್ಮ. ಸೂಪ್ ಮಾತ್ರ ರುಚಿಯಾಗಿತ್ತು," ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಮಾವನ ಫೋನು. ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು, ಯಾರು ಮುಟ್ಟಿಸಿದರೆಂದು ಬೇರೆ ಹೇಳಬೇಕೆ? ಅವರ ಗಂಟಲು ಲಾರಿ ಹಾರ್ನಿನಷ್ಟೇ ದೊಡ್ಡದು, ನನಗೂ ಕೇಳುತ್ತಿತ್ತು. "ಅವ್ನಿನ್ನೂ ಬದುಕಬೇಕಾದವ್ನಮ್ಮ. ನಿಂಗೆ ಗಂಡ ದುಡೀತಾನೆ. ಒಂದ್ಸಲ ನೀನೇ ತಪ್ಪು ಒಪ್ಕೊಂಡಿದ್ರೆ ಗಂಟು ಹೋಗ್ತಿತ್ತಾ?"

"ಅಪ್ಪ, ನೀವೂನಾ?" ಎಂದು ಹೇಳಿ ಇವಳು ಫೋನು ಇಟ್ಟಳು.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿತ್ತು. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಳು. ನಾನು ಈರುಳ್ಳಿ ಹೆಚ್ಚುತ್ತ ನಿಂತೆ. ಅವಳೇ ಮಾತು ತೆಗೆದಳು.

"ಮಂಗಳವಾರ ಮಾಡಿದ್ದು ತಪ್ಪು ಕಣ್ರಿ. ತಪ್ಪು ಯಾರಾದ್ರೂ ಮಾಡ್ತಾರೆ. ನನ್ನ ಮೇಲೆ ಆಣೆ ಹಾಕಿದ್ದು ಭಯಕ್ಕೆ, ಅದನ್ನೂ ಹೊಟ್ಟೇಲಿ ಹಾಕ್ಕೊಳ್ತೀನಿ. ಆದ್ರೆ ಇವತ್ತು ಇಡೀ ಪಟ್ಟಿ ಅವನ ಕಣ್ಮುಂದೆ ಇತ್ತು. ನನ್ನ ಹೆಸರು ನೋಡಿದಾನೆ. ಅದರ ಪಕ್ಕದಲ್ಲಿ ತನ್ನ ಮೇಜು ನೋಡಿದಾನೆ. ಆ ಕಾಲಂ ಇದ್ರೆ ನಾನು ಉಳೀತೀನಿ, ತೆಗೆದ್ರೆ ನಾನು ಹೋಗ್ತೀನಿ ಅಂತ ಗೊತ್ತಿತ್ತು ಅವನಿಗೆ. ಹತ್ತು ಹನ್ನೆರಡಕ್ಕೆ ನೋಡಿದಾನೆ, ಹತ್ತು ಹದಿನಾರಕ್ಕೆ ತೆಗೆದಿದಾನೆ."

ಅವನ ಪರವಾಗಿ ಒಂದು ಮಾತು ಆಡುವ ಸ್ಥಿತಿ ನನಗೆ ಬರುತ್ತದೆಂದು ಎಂದೂ ಅಂದುಕೊಂಡಿರಲಿಲ್ಲ. ಅವಳ ಮುಖ ನೋಡಲಾಗದೆ ಆಡಿದೆ.

"ನಾಲ್ಕು ನಿಮಿಷ ಒದ್ದಾಡಿರ್ತಾನೆ ಕಣೆ. ನಿನ್ನನ್ನ ನೆನೆಸ್ಕೊಂಡು ಒದ್ದಾಡಿರ್ತಾನೆ."

ಅವಳು ತಲೆಯಾಡಿಸಿದಳು.

"ಇಲ್ಲ ರೀ. ಹನ್ನೊಂದು ವರ್ಷದಿಂದ ಅದೇ ಕೆಲ್ಸ ಮಾಡ್ತಿರೋಳು ನಾನು. ಒಂದು ಕಾಲಂ ತೆಗೆಯೋ ಕಮಾಂಡ್ ಬರೆದು, ಗೆರೆ ಕೂರಿಸಿ, ಒಂದ್ಸಲ ಸರಿನೋಡೋಕೇ ನಾಲ್ಕು ನಿಮಿಷ ಬೇಕು. ನನ್ನನ್ನ ನೆನೆಸ್ಕೊಳ್ಳೋಕೆ ಅಂತ ಅವನು ಒಂದು ನಿಮಿಷಾನೂ ತಗೊಂಡಿಲ್ಲ."